ಜಪಾನಿನ ದೀರ್ಘ ಪಾತ್ರಾಭಿನಯ ವಿಡಿಯೊ ಆಟಗಳು

ಜಪಾನಿನ ಪಾತ್ರಾಭಿನಯ ವಿಡಿಯೊ ಆಟಗಳು ಜಪಾನಿನಲ್ಲಿ 1980ರ ದಶಕದಲ್ಲಿ ರೂಪುಗೊಂಡ ಒಂದು ಆಟದ ಪ್ರಕಾರ. ಇದರಲ್ಲಿ ಆಟಗಾರನು ಕಥೆಯೊಂದರ ನಾಯಕನ ಪಾತ್ರವನ್ನು ವಹಿಸಿಕೊಂಡು, ಸಂಗಾತಿಗಳನ್ನು ಕೂಡಿಸಿಕೊಂಡು, ಊರೂರು ಸುತ್ತಿ, ಶತ್ರುಗಳೊಡನೆ ಕಾದಾಡಿ, ಹಂತಹಂತವಾಗಿ ಬಲವನ್ನು ಗಳಿಸುತ್ತ ಕಥೆಯ ಕೊನೆಯನ್ನು ಮುಟ್ಟುತ್ತಾನೆ. 'ಡ್ರ್ಯಾಗನ್ ಕ್ವೆಸ್ಟ್', 'ಫೈನಲ್ ಫ್ಯಾಂಟಸಿ', 'ಪೋಕೆಮಾನ್', 'ಪರ್ಸೋನ' ಇವು ಈ ಪ್ರಕಾರದ ಪ್ರಸಿದ್ಧ ಸರಣಿಗಳು. ಆಂಗ್ಲ ಹೆಸರಿನ ಮೊದಲಕ್ಷರಗಳಿಂದ ಇವನ್ನು 'ಜೆಆರ್‌ಪಿಜಿ' ಎಂದು ಕರೆಯುವುದು ವಾಡಿಕೆ.

ಈ ಆಟಗಳ ಎದ್ದುಕಾಣುವ ಲಕ್ಷಣ ಅವುಗಳ ದೀರ್ಘತೆ. ಒಂದು ಆಟವನ್ನು ಪೂರೈಸಲು ಸಾಮಾನ್ಯವಾಗಿ 30ರಿಂದ 100 ಗಂಟೆಗಳು ಬೇಕಾಗುತ್ತವೆ. ಇವುಗಳನ್ನು ಮೆಚ್ಚುವವರು ಹೇಳುವ ಗುಣವೂ ಆಕ್ಷೇಪಿಸುವವರು ಹೇಳುವ ದೋಷವೂ ಬಹುಮಟ್ಟಿಗೆ ಈ ಒಂದೇ ಲಕ್ಷಣದಿಂದ ಹುಟ್ಟುತ್ತವೆ. ದೀರ್ಘ ಕಥನದಲ್ಲಿ ತಲ್ಲೀನರಾಗುವ ರೂಢಿ ಕನ್ನಡ ನಾಡಿಗೆ ಹೊಸದಲ್ಲ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಬಯಲಾಟ ಮತ್ತು ಜನಪದ ಮಹಾಕಾವ್ಯಗಳೊಡನೆ ಇವನ್ನು ಹೋಲಿಸಿದರೆ ಎರಡರ ಸಾಮ್ಯವೂ ವ್ಯತ್ಯಾಸವೂ ಸ್ಪಷ್ಟವಾಗುತ್ತವೆ.

ಹೆಸರು

ಜಪಾನಿನಲ್ಲಿ ಈ ಆಟಗಳನ್ನು ಸರಳವಾಗಿ 'ಆರ್‌ಪಿಜಿ' ಎಂದೇ ಕರೆಯುತ್ತಾರೆ. ದೇಶದ ಹೆಸರನ್ನು ಸೇರಿಸಿದ ರೂಪವು ಪಾಶ್ಚಾತ್ಯ ಪತ್ರಿಕೆಗಳಲ್ಲಿಯೂ ಆಟಗಾರರಲ್ಲಿಯೂ ಬಳಕೆಗೆ ಬಂದುದು. 'ಫೈನಲ್ ಫ್ಯಾಂಟಸಿ 16'ರ ನಿರ್ಮಾಪಕ ನಾವೊಕಿ ಯೊಶಿದಾ ಅವರು 2023ರಲ್ಲಿ, ಈ ಹೆಸರನ್ನು ಮೊದಲು ಕೇಳಿದಾಗ ಜಪಾನಿನ ಕೆಲವು ನಿರ್ಮಾಪಕರಿಗೆ ಅದು ತಮ್ಮನ್ನು ಕೀಳಾಗಿ ಬೇರ್ಪಡಿಸುವ ಪದವೆಂದು ತೋರಿತ್ತು ಎಂದು ತಿಳಿಸಿದರು. ಇಂದು ಆ ಪದವನ್ನು ಹೊಗಳಿಕೆಯ ಅರ್ಥದಲ್ಲಿ ಬಳಸುವವರೇ ಹೆಚ್ಚು.

ಜಪಾನಿನಲ್ಲಿ ತಯಾರಾದ ಎಲ್ಲ ಪಾತ್ರಾಭಿನಯದ ಆಟಗಳೂ ಈ ಗುಂಪಿಗೆ ಸೇರುವುದಿಲ್ಲ. 'ಡಾರ್ಕ್ ಸೋಲ್ಸ್' ಜಪಾನಿನದಾದರೂ ಅದನ್ನು ಸಾಮಾನ್ಯವಾಗಿ ಬೇರೆ ಪ್ರಕಾರವೆಂದು ಗಣಿಸುತ್ತಾರೆ. ಪಾಶ್ಚಾತ್ಯ ಪಾತ್ರಾಭಿನಯದ ಆಟಗಳಲ್ಲಿ ಆಟಗಾರನು ತನ್ನ ಪಾತ್ರವನ್ನು ತಾನೇ ಸೃಷ್ಟಿಸಿಕೊಂಡು ಇಷ್ಟಬಂದ ದಾರಿಯನ್ನು ಹಿಡಿಯುವ ಸ್ವಾತಂತ್ರ್ಯ ಮುಖ್ಯ. ಜಪಾನಿನ ಮಾದರಿಯಲ್ಲಿ ಪಾತ್ರಗಳೂ ಕಥೆಯೂ ಬಹುತೇಕ ಮೊದಲೇ ನಿಶ್ಚಿತವಾಗಿರುತ್ತವೆ. ಆಟಗಾರನು ಬಯಲಾಟದ ವೇಷಧಾರಿಯಂತೆ, ಬರೆದಿಟ್ಟ ಪಾತ್ರವನ್ನು ಧರಿಸುತ್ತಾನೆ.

ಇತಿಹಾಸ

ಪಾತ್ರಾಭಿನಯದ ಆಟಗಳ ಮೂಲ ಅಮೆರಿಕ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಮೇಜಿನ ಆಟ 1974ರಲ್ಲಿ ಪ್ರಕಟವಾಯಿತು. ಅದರ ಪ್ರಭಾವದಿಂದ 1981ರಲ್ಲಿ 'ಅಲ್ಟಿಮಾ' ಮತ್ತು 'ವಿಜರ್ಡ್ರಿ' ಎಂಬ ಕಂಪ್ಯೂಟರ್ ಆಟಗಳು ಬಂದವು. ಜಪಾನಿನ ತರುಣ ನಿರ್ಮಾಪಕರು ಇವನ್ನು ಆಡಿ ಬೆರಗಾದರು. ಆದರೆ ಇವನ್ನು ಆಡಲು ದುಬಾರಿಯಾದ ಕಂಪ್ಯೂಟರೂ ಕೀಲಿಮಣೆಯ ಪರಿಚಯವೂ ಬೇಕಿತ್ತು.

ನಿಂಟೆಂಡೊ ಸಂಸ್ಥೆಯು 1983ರ ಜುಲೈ 15ರಂದು 'ಫ್ಯಾಮಿಕಾಮ್' ಎಂಬ ಮನೆಯ ಆಟಯಂತ್ರವನ್ನು ಬಿಡುಗಡೆ ಮಾಡಿತು. ಅದರ ಕೈಗುಂಡಿಗಳ ಮೂಲಕವೇ ಮಕ್ಕಳೂ ಆಡಬಹುದಾದ ಪಾತ್ರಾಭಿನಯದ ಆಟವನ್ನು ರೂಪಿಸಿದವರು ಯೂಜಿ ಹೋರಿ. ಅವರ 'ಡ್ರ್ಯಾಗನ್ ಕ್ವೆಸ್ಟ್' 1986ರ ಮೇ 27ರಂದು ಎನಿಕ್ಸ್ ಸಂಸ್ಥೆಯಿಂದ ಪ್ರಕಟವಾಯಿತು. ಅಕಿರಾ ತೊರಿಯಾಮ ಚಿತ್ರಗಳನ್ನೂ ಕೊಯಿಚಿ ಸುಗಿಯಾಮ ಸಂಗೀತವನ್ನೂ ಒದಗಿಸಿದರು. ಮಾತನಾಡು, ಹುಡುಕು, ಹೋರಾಡು ಎಂಬಂಥ ಆಜ್ಞೆಗಳನ್ನು ಪಟ್ಟಿಯಿಂದ ಆರಿಸಿದರೆ ಸಾಕು ಎಂಬ ಅದರ ವಿಧಾನವು ಮುಂದಿನ ಆಟಗಳಿಗೆಲ್ಲ ಮಾದರಿಯಾಯಿತು.

1987ರ ಡಿಸೆಂಬರ್ 18ರಂದು ಸ್ಕ್ವೇರ್ ಸಂಸ್ಥೆಯ 'ಫೈನಲ್ ಫ್ಯಾಂಟಸಿ' ಹೊರಬಂದಿತು. ಹಿರೊನೊಬು ಸಕಾಗುಚಿ ಅದರ ನಿರ್ದೇಶಕರು. ಯೊಶಿತಾಕಾ ಅಮಾನೊ ಚಿತ್ರಕಾರರು. ನೊಬುವೊ ಉಯೆಮಾತ್ಸು ಸಂಗೀತಗಾರರು. 1996ರ ಫೆಬ್ರವರಿ 27ರಂದು ಸತೋಶಿ ತಜಿರಿ ಅವರ ಕಲ್ಪನೆಯ 'ಪೋಕೆಮಾನ್' ಆಟಗಳು ಕೈಯಲ್ಲಿ ಹಿಡಿಯುವ ಗೇಮ್ ಬಾಯ್ ಯಂತ್ರಕ್ಕೆ ಬಂದವು. ಈ ಪ್ರಕಾರವನ್ನು ಜಗತ್ತಿನ ಬಹುಭಾಗಕ್ಕೆ ಪರಿಚಯಿಸಿದ್ದು 1997ರ ಜನವರಿ 31ರಂದು ಮೂರು ಸಿ.ಡಿ.ಗಳಲ್ಲಿ ಬಿಡುಗಡೆಯಾದ 'ಫೈನಲ್ ಫ್ಯಾಂಟಸಿ 7'. ಪ್ರತಿಸ್ಪರ್ಧಿಗಳಾಗಿದ್ದ ಸ್ಕ್ವೇರ್ ಮತ್ತು ಎನಿಕ್ಸ್ 2003ರ ಏಪ್ರಿಲ್ 1ರಂದು ವಿಲೀನಗೊಂಡು 'ಸ್ಕ್ವೇರ್ ಎನಿಕ್ಸ್' ಆದವು.

ಜಪಾನಿನ ಸಾರ್ವಜನಿಕ ಜೀವನದಲ್ಲಿ ಈ ಆಟಗಳಿಗೆ ಇರುವ ಸ್ಥಾನವು 2021ರ ಜುಲೈ 23ರಂದು ಟೋಕಿಯೊ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಕಾಣಿಸಿತು. ಭಾರತದ ತಂಡವೂ ಸೇರಿದಂತೆ ಎಲ್ಲ ದೇಶಗಳ ಕ್ರೀಡಾಪಟುಗಳು ಪಥಸಂಚಲನ ಮಾಡಿದ್ದು ವಿಡಿಯೊ ಆಟಗಳ ಸಂಗೀತಕ್ಕೆ. ಅದರ ಆರಂಭದಲ್ಲಿ ನುಡಿಸಿದ್ದು 'ಡ್ರ್ಯಾಗನ್ ಕ್ವೆಸ್ಟ್'ನ ಮುನ್ನುಡಿ ಸಂಗೀತ.

ಆಟದ ರಚನೆ

ಬಹುತೇಕ ಆಟಗಳಲ್ಲಿ ಮೂರು ಬಗೆಯ ತಾಣಗಳಿರುತ್ತವೆ. ಊರುಗಳಲ್ಲಿ ಜನರೊಡನೆ ಮಾತನಾಡಿ ಸುದ್ದಿ ತಿಳಿಯಬೇಕು, ಆಯುಧ ಮತ್ತು ಔಷಧಗಳನ್ನು ಕೊಳ್ಳಬೇಕು. ಊರಾಚೆಯ ಬಯಲನ್ನು ದಾಟುವಾಗ ಶತ್ರುಗಳು ಎದುರಾಗುತ್ತಾರೆ. ಗುಹೆ, ಕೋಟೆ, ಗೋಪುರಗಳ ಕೊನೆಯಲ್ಲಿ ಪ್ರಬಲ ಶತ್ರುವೊಬ್ಬನಿರುತ್ತಾನೆ. ಅವನನ್ನು ಗೆದ್ದರೆ ಕಥೆ ಮುಂದಿನ ಊರಿಗೆ ಸಾಗುತ್ತದೆ.

ಕಾಳಗವು ಹಳೆಯ ಮಾದರಿಯಲ್ಲಿ ಸರದಿಯಂತೆ ನಡೆಯುತ್ತದೆ. ನಾಯಕನ ತಂಡ ಒಂದು ಸರದಿ, ಶತ್ರುಗಳು ಒಂದು ಸರದಿ. ಕೈಚಳಕಕ್ಕಿಂತ ಆಲೋಚನೆ ಮುಖ್ಯ. 1991ರ 'ಫೈನಲ್ ಫ್ಯಾಂಟಸಿ 4' ಇದಕ್ಕೆ ಗಡಿಯಾರದ ಒತ್ತಡವನ್ನು ಸೇರಿಸಿತು. ಈಚಿನ ಅನೇಕ ಆಟಗಳಲ್ಲಿ ಕಾಳಗವು ನೇರವಾಗಿ, ತಡೆಯಿಲ್ಲದೆ ನಡೆಯುತ್ತದೆ.

ಪ್ರತಿ ಗೆಲುವಿನಿಂದ ಪಾತ್ರಗಳಿಗೆ 'ಅನುಭವದ ಅಂಕ'ಗಳು ದೊರೆಯುತ್ತವೆ. ಅಂಕಗಳು ಕೂಡಿದಂತೆ ಪಾತ್ರದ 'ಹಂತ' ಏರಿ, ಬಲ ಹೆಚ್ಚುತ್ತದೆ. ಹೋರಿ ಅವರು 'ಡ್ರ್ಯಾಗನ್ ಕ್ವೆಸ್ಟ್'ನಲ್ಲಿ ಒಂದು ಮಹತ್ವದ ನಿಯಮವನ್ನಿಟ್ಟರು. ನಾಯಕನು ಸೋತು ಬಿದ್ದರೆ ಕೈಯಲ್ಲಿರುವ ಹಣದ ಅರ್ಧ ಹೋಗುತ್ತದೆ, ಆದರೆ ಗಳಿಸಿದ ಅನುಭವ ಹೋಗುವುದಿಲ್ಲ. ಹೀಗಾಗಿ ಎಷ್ಟು ಬಾರಿ ಸೋತರೂ ಆಟಗಾರನು ಮುಂದಕ್ಕೇ ಸಾಗುತ್ತಿರುತ್ತಾನೆ. ಚುರುಕು ಬೆರಳಿಲ್ಲದವರೂ ಕಾಲವನ್ನು ವ್ಯಯಿಸಿದರೆ ಗೆಲ್ಲಬಹುದು. ಈ ಪ್ರಕಾರದಲ್ಲಿ ಕೌಶಲದ ಕೊರತೆಯನ್ನು ತುಂಬಿಕೊಡುವ ನಾಣ್ಯವೇ ಕಾಲ.

ಇಷ್ಟು ದೀರ್ಘವಾದ ಆಟವನ್ನು ಒಂದೇ ಬಾರಿಗೆ ಮುಗಿಸಲಾಗದು; ನಿಲ್ಲಿಸಿದ ಸ್ಥಳವನ್ನು ಉಳಿಸಿಕೊಳ್ಳುವ ವ್ಯವಸ್ಥೆ ಬೇಕು. ಜಪಾನಿನ ಮೊದಲ ಎರಡು 'ಡ್ರ್ಯಾಗನ್ ಕ್ವೆಸ್ಟ್'ಗಳಲ್ಲಿ ಇದಕ್ಕಾಗಿ ಅಕ್ಷರಗಳ ಸಂಕೇತವೊಂದನ್ನು ಕಾಗದದ ಮೇಲೆ ಬರೆದುಕೊಂಡು ಮರುದಿನ ಮತ್ತೆ ತುಂಬಬೇಕಿತ್ತು. ಎರಡನೆಯ ಆಟದಲ್ಲಿ ಇದು 52 ಅಕ್ಷರಗಳವರೆಗೆ ಇರುತ್ತಿತ್ತು; ಒಂದಕ್ಷರ ತಪ್ಪಿದರೂ ಹಿಂದಿನ ಶ್ರಮವೆಲ್ಲ ವ್ಯರ್ಥ. ಮೂರನೆಯ ಆಟದಿಂದ ಬ್ಯಾಟರಿಯ ನೆರವಿನಿಂದ ಸ್ಮೃತಿಯಲ್ಲಿ ಉಳಿಸುವ ಕ್ರಮ ಬಂದಿತು.

ದೀರ್ಘತೆಯ ಪ್ರಮಾಣ

ಮೊದಲ 'ಡ್ರ್ಯಾಗನ್ ಕ್ವೆಸ್ಟ್' ಇಂದಿನ ಅಳತೆಯಲ್ಲಿ ಚಿಕ್ಕದು. ಸುಮಾರು 10 ಗಂಟೆಗಳಲ್ಲಿ ಮುಗಿಯುತ್ತದೆ. 1995ರ 'ಕ್ರೋನೊ ಟ್ರಿಗರ್' 20 ಗಂಟೆಗಳಿಗೆ ಸ್ವಲ್ಪ ಹೆಚ್ಚು ಬೇಡುತ್ತದೆ. 'ಫೈನಲ್ ಫ್ಯಾಂಟಸಿ 7'ಕ್ಕೆ 35ರಿಂದ 40, 2010ರ 'ಜೆನೊಬ್ಲೇಡ್ ಕ್ರಾನಿಕಲ್ಸ್'ಗೆ 60ಕ್ಕೂ ಹೆಚ್ಚು, 2019ರ 'ಪರ್ಸೋನ 5 ರಾಯಲ್'ಗೆ ಸುಮಾರು 100 ಗಂಟೆಗಳು ಬೇಕು. 2004ರಲ್ಲಿ 'ಟ್ರೇಲ್ಸ್ ಇನ್ ದ ಸ್ಕೈ'ಯಿಂದ ಆರಂಭವಾದ ನಿಹೊನ್ ಫಾಲ್ಕಾಮ್ ಸಂಸ್ಥೆಯ 'ಟ್ರೇಲ್ಸ್' ಸರಣಿಯಲ್ಲಿ ಒಂದೇ ಲೋಕದ ಕಥೆಯು ಹತ್ತಕ್ಕೂ ಹೆಚ್ಚು ದೊಡ್ಡ ಆಟಗಳಲ್ಲಿ ಮುಂದುವರಿದಿದೆ.

ಎರಡೂವರೆ ಗಂಟೆಯ ಕನ್ನಡ ಚಲನಚಿತ್ರದ ಲೆಕ್ಕದಲ್ಲಿ 100 ಗಂಟೆಯೆಂದರೆ 40 ಚಿತ್ರಗಳು. ದಿನಕ್ಕೊಂದು ಗಂಟೆ ತಪ್ಪದೆ ಆಡಿದರೆ ಮೂರು ತಿಂಗಳ ಮೇಲೆ ಹತ್ತು ದಿನ. ಭಾನುವಾರಗಳಂದು ಮಾತ್ರ ಎರಡೆರಡು ಗಂಟೆ ಆಡುವ ವಿದ್ಯಾರ್ಥಿಗೆ ಒಂದು ಆಟ ಮುಗಿಯಲು 50 ವಾರಗಳು, ಅಂದರೆ ಬಹುತೇಕ ಒಂದು ವರ್ಷ ಹಿಡಿಯುತ್ತದೆ.

ಆಕರ್ಷಣೆ

ಕಾಲ ಕಳೆದುದರ ಅನುಭವ: ಒಂದು ಬದುಕು ಕಳೆದುಹೋಯಿತೆಂಬ ಭಾವವನ್ನು ಸಣ್ಣ ಕಥೆ ಹೇಳಬಲ್ಲದೇ ಹೊರತು ಅಷ್ಟು ಸುಲಭವಾಗಿ ಉಂಟುಮಾಡಲಾರದು. 1992ರ 'ಡ್ರ್ಯಾಗನ್ ಕ್ವೆಸ್ಟ್ 5' ಇದಕ್ಕೆ ಒಳ್ಳೆಯ ನಿದರ್ಶನ. ಆಟಗಾರನು ತಂದೆಯ ಕೈಹಿಡಿದ ಬಾಲಕನಾಗಿ ಆರಂಭಿಸಿ, ತಂದೆಯನ್ನು ಕಳೆದುಕೊಂಡು, ದಾಸ್ಯದಲ್ಲಿ ವರ್ಷಗಳನ್ನು ಸವೆಸಿ, ಮದುವೆಯಾಗಿ, ತಾನೂ ತಂದೆಯಾಗುತ್ತಾನೆ. ಜಗತ್ತನ್ನು ಉಳಿಸಬೇಕಾದ ವೀರನು ತಾನಲ್ಲ, ತನ್ನ ಮಗ ಎಂಬುದು ಅವನಿಗೆ ತಡವಾಗಿ ತಿಳಿಯುತ್ತದೆ. ಹತ್ತಾರು ಗಂಟೆ ತಾನೇ ನಾಯಕನೆಂದು ನಡೆದು ಬಂದ ಆಟಗಾರನಿಗೆ ಆ ತಿಳಿವು ನಾಟುವುದಕ್ಕೆ ಹಿಂದೆ ನಡೆದ ದಾರಿಯೇ ಕಾರಣ.

ಪಾತ್ರಗಳೊಡನೆ ಒಡನಾಟ: 'ಫೈನಲ್ ಫ್ಯಾಂಟಸಿ 7'ರ ಮೊದಲ ಸಿ.ಡಿ.ಯ ಕೊನೆಯಲ್ಲಿ ಏರಿತ್ ಎಂಬ ಸಂಗಾತಿ ಕೊಲೆಯಾಗುತ್ತಾಳೆ. ಆಟಗಾರನು ಅಷ್ಟರವರೆಗೆ ಅವಳಿಗೆ ಆಯುಧ ಆರಿಸಿ, ಅವಳ ಹಂತಗಳನ್ನು ಏರಿಸಿ ಬೆಳೆಸಿರುತ್ತಾನೆ. ಅವಳು ಮರಳಿ ಬರುವುದಿಲ್ಲ. ವಿಡಿಯೊ ಆಟಗಳ ಚರಿತ್ರೆಯಲ್ಲಿ ಅತಿ ಹೆಚ್ಚು ಚರ್ಚೆಗೊಳಗಾದ ದೃಶ್ಯಗಳಲ್ಲಿ ಇದೊಂದು.

ಊರಿನ ಪರಿಚಯ: 2008ರ 'ಪರ್ಸೋನ 4' ಇನಾಬ ಎಂಬ ಕಾಲ್ಪನಿಕ ಗ್ರಾಮೀಣ ಪಟ್ಟಣದಲ್ಲಿ ನಡೆಯುತ್ತದೆ. ನಗರದಿಂದ ಒಂದು ವರ್ಷದ ಮಟ್ಟಿಗೆ ಅಲ್ಲಿಗೆ ಬಂದ ವಿದ್ಯಾರ್ಥಿಯು ಶಾಲೆ, ಪರೀಕ್ಷೆ, ಮಳೆ, ಗೆಳೆತನಗಳ ನಡುವೆ ದಿನಗಳನ್ನು ಕಳೆಯುತ್ತಾನೆ. ಹೊಸದಾಗಿ ಬಂದ ದೊಡ್ಡ ಮಳಿಗೆಯಿಂದ ಹಳೆಯ ಅಂಗಡಿಬೀದಿ ಸೊರಗುತ್ತಿರುವುದನ್ನು ನೋಡುತ್ತಾನೆ. ಕೊನೆಗೆ ರೈಲು ನಿಲ್ದಾಣದಲ್ಲಿ ಬೀಳ್ಕೊಡುಗೆ. ಆ ಬೀಳ್ಕೊಡುಗೆಗೆ ತೂಕ ಬರುವುದು ಆಟಗಾರನು ಆ ಊರಿನಲ್ಲಿ ನಿಜವಾಗಿಯೂ ಬಹಳ ದಿನ ಇದ್ದುದರಿಂದ.

ಶ್ರಮಕ್ಕೆ ತಪ್ಪದ ಫಲ: ಹೊರಜಗತ್ತಿನಲ್ಲಿ ದುಡಿಮೆಗೆ ಫಲ ನಿಶ್ಚಿತವಲ್ಲ. ಈ ಆಟಗಳಲ್ಲಿ ಪ್ರತಿ ಕಾಳಗವೂ ಲೆಕ್ಕಕ್ಕೆ ಸೇರುತ್ತದೆ. ನಿನ್ನೆ ಸೋಲಿಸಿದ ಶತ್ರುವನ್ನು ಇಂದು ಸುಲಭವಾಗಿ ಗೆಲ್ಲಬಹುದು. ಮಳೆಯನ್ನು ನಂಬಿ ಶೇಂಗಾ ಬಿತ್ತುವ ಚಳ್ಳಕೆರೆಯ ಬಯಲಿನ ಓದುಗರಿಗೆ ಇಂಥ ನಿಶ್ಚಿತ ಫಲದ ಸೆಳೆತವನ್ನು ವಿವರಿಸಬೇಕಾಗಿಲ್ಲ.

ಸಂಗೀತ ಮತ್ತು ಸಾಹಿತ್ಯ: ಸುಗಿಯಾಮ ಮತ್ತು ಉಯೆಮಾತ್ಸು ಅವರ ರಚನೆಗಳನ್ನು ವಾದ್ಯವೃಂದಗಳು ಸಭಾಂಗಣಗಳಲ್ಲಿ ನುಡಿಸುತ್ತವೆ. 1995ರ 'ಸುಯಿಕೊಡೆನ್' ಆಟವು ಚೀನಾದ ಪ್ರಾಚೀನ ಕಾದಂಬರಿಯೊಂದರ 108 ವೀರರ ಕಲ್ಪನೆಯನ್ನು ಆಧರಿಸಿದೆ. ಹೀಗೆ ಆಟದಿಂದ ಸಂಗೀತಕ್ಕೂ ಹಳೆಯ ಸಾಹಿತ್ಯಕ್ಕೂ ಹೊರಳಿದ ಆಟಗಾರರಿದ್ದಾರೆ.

ನ್ಯೂನತೆಗಳು

ಪುನರಾವರ್ತನೆ: ಮುಂದಿನ ಶತ್ರುವನ್ನು ಗೆಲ್ಲುವಷ್ಟು ಬಲ ಬರುವವರೆಗೆ ಅದೇ ಬಯಲಿನಲ್ಲಿ ಅದೇ ಸಣ್ಣ ಶತ್ರುಗಳೊಡನೆ ಮತ್ತೆ ಮತ್ತೆ ಕಾದಾಡಬೇಕಾದ ಸಂದರ್ಭಗಳಿವೆ. ಆಟಗಾರರು ಇದನ್ನು 'ಗ್ರೈಂಡಿಂಗ್', ಅಂದರೆ ಬೀಸುವುದು ಎನ್ನುತ್ತಾರೆ. ರಾಗಿ ಬೀಸಿದರೆ ಹಿಟ್ಟಾದರೂ ದೊರೆಯುತ್ತದೆ. ಇಲ್ಲಿ ಎಷ್ಟೋ ಗಂಟೆಗಳಲ್ಲಿ ಹೊಸ ಕಥೆಯೂ ಇಲ್ಲ, ಹೊಸ ಆಲೋಚನೆಯೂ ಇಲ್ಲ. ಆಟದ ಒಟ್ಟು ಅವಧಿಯಲ್ಲಿ ಕಥೆಗೆ ಅವಶ್ಯವಾದುದು ಎಷ್ಟು, ಹಿಗ್ಗಿಸಿದ್ದು ಎಷ್ಟು ಎಂಬ ಪ್ರಶ್ನೆ ವಿಮರ್ಶಕರಲ್ಲಿ ಹಳೆಯದು.

ತಡವಾದ ಆರಂಭ: ಕೆಲವು ಆಟಗಳು ಬಹಳ ಹೊತ್ತಿನ ನಂತರವೇ ಸ್ವಾರಸ್ಯ ಪಡೆಯುತ್ತವೆ. 2009ರ 'ಫೈನಲ್ ಫ್ಯಾಂಟಸಿ 13' ಹಲವಾರು ಗಂಟೆಗಳ ಕಾಲ ಆಟಗಾರನನ್ನು ಒಂದೇ ಇಕ್ಕಟ್ಟಿನ ದಾರಿಯಲ್ಲಿ ನಡೆಸಿ, ಆಮೇಲೆ ವಿಶಾಲ ಬಯಲಿಗೆ ಬಿಡುತ್ತದೆ. ಈ ಕಾರಣಕ್ಕೆ ಅದು ವ್ಯಾಪಕ ಟೀಕೆಗೆ ಒಳಗಾಯಿತು.

ಬಿಡಲಾರದ ಬಂಧ: ಅರ್ಧಕ್ಕೆ ಬಂದ ಮೇಲೆ ಬೇಸರವಾದರೂ, ಇಷ್ಟು ಗಂಟೆ ಕಳೆದದ್ದು ವ್ಯರ್ಥವಾಗಬಾರದೆಂದು ಮುಂದುವರಿಯುವವರು ಅನೇಕರು. ಕಳೆದುಹೋದ ಕಾಲ ಮುಂದುವರಿದರೂ ಮರಳಿ ಬಾರದು ಎಂಬ ಸರಳ ಸತ್ಯವನ್ನು ಇಲ್ಲಿ ಮರೆಯುವುದು ಸುಲಭ. ಇದಕ್ಕೆ ವಿರುದ್ಧವಾದ ತೊಂದರೆಯೂ ಇದೆ. ಪರೀಕ್ಷೆಗೋ ಸುಗ್ಗಿಗೋ ತಿಂಗಳೆರಡು ತಿಂಗಳು ಬಿಟ್ಟು ಮರಳಿದವನಿಗೆ ಕಥೆಯ ಎಳೆಯೂ ಕಾಳಗದ ನಿಯಮಗಳೂ ಮರೆತುಹೋಗಿರುತ್ತವೆ.

ಉಳಿಸಿದ ಆಟದ ನಾಶ: ಹಳೆಯ ಆಟಗಳಲ್ಲಿ ನಿಗದಿತ ಸ್ಥಳಗಳಲ್ಲಿ ಮಾತ್ರ ಆಟವನ್ನು ಉಳಿಸಬಹುದಿತ್ತು. ನಡುವೆ ವಿದ್ಯುತ್ತು ಹೋದರೆ ಹಿಂದಿನ ಸ್ಥಳದಿಂದ ಮತ್ತೆ ಆರಂಭಿಸಬೇಕು. 'ಡ್ರ್ಯಾಗನ್ ಕ್ವೆಸ್ಟ್ 3'ರ ಬ್ಯಾಟರಿ ಕೈಕೊಟ್ಟು ದಾಖಲೆ ಅಳಿಸಿಹೋದಾಗ ಕೇಳುತ್ತಿದ್ದ ಕರ್ಕಶ ಸ್ವರವನ್ನು ಜಪಾನಿನ ಒಂದು ತಲೆಮಾರು ಇಂದಿಗೂ ನೆನೆಯುತ್ತದೆ.

ಭಾಷೆ ಮತ್ತು ಬೆಲೆ: ಈ ಆಟಗಳಲ್ಲಿ ಓದು ಬಹಳ. 'ಟ್ರೇಲ್ಸ್' ಸರಣಿಯ ಒಂದೊಂದು ಆಟದಲ್ಲಿ ಲಕ್ಷಾಂತರ ಪದಗಳಿವೆ. 2004ರ ಮೊದಲ ಆಟ ಆಂಗ್ಲ ಭಾಷೆಗೆ ಬಂದದ್ದೇ 2011ರಲ್ಲಿ. ಪ್ರಮುಖ ಸರಣಿಗಳ ಆಟಗಳು ಕನ್ನಡದಲ್ಲಿ ದೊರೆಯುವುದಿಲ್ಲ. ಕನ್ನಡ ಮಾಧ್ಯಮದ ವಿದ್ಯಾರ್ಥಿಯು ಎರಡನೆಯ ಭಾಷೆಯಲ್ಲಿ ದೊಡ್ಡ ಕಾದಂಬರಿಯಷ್ಟು ಓದಬೇಕಾಗುತ್ತದೆ. ಇದರಿಂದ ಆಂಗ್ಲ ಭಾಷೆ ಸುಧಾರಿಸಬಹುದು. ಓದದೆ ಗುಂಡಿ ಒತ್ತುತ್ತ ಹೋದರೆ ಕಥೆಯೇ ಕೈತಪ್ಪಿ ಬರಿಯ ಪುನರಾವರ್ತನೆ ಉಳಿಯಬಹುದು. ಹೊಸ ಆಟವೊಂದಕ್ಕೆ ಕೆಲವು ಸಾವಿರ ರೂಪಾಯಿಗಳಾಗುತ್ತವೆ. ಯಂತ್ರದ ಬೆಲೆ ಬೇರೆ.

ಅದೃಷ್ಟದ ಚೀಟಿ: ಮೊಬೈಲ್ ದೂರವಾಣಿಗಳಿಗೆ ಬಂದ ಇದೇ ಶೈಲಿಯ ಅನೇಕ ಆಟಗಳು ಉಚಿತವೆಂದು ತೋರಿದರೂ, ಹಣ ಕೊಟ್ಟು ಚೀಟಿ ಎತ್ತುವಂತೆ ಪಾತ್ರಗಳನ್ನು ಪಡೆಯುವ 'ಗಾಚಾ' ಪದ್ಧತಿಯನ್ನು ಅಳವಡಿಸಿಕೊಂಡಿವೆ. ಇದರ ಅತಿರೇಕದ ಒಂದು ರೂಪವನ್ನು ಜಪಾನ್ 2012ರಲ್ಲಿ ಕಾನೂನುಬಾಹಿರವೆಂದು ಪರಿಗಣಿಸಿತು. ಒಮ್ಮೆ ಕೊಂಡು ಪೂರ್ತಿ ಆಡುವ ಸಾಂಪ್ರದಾಯಿಕ ಆಟಕ್ಕೆ ಕೊನೆಯಿದೆ; ಗಾಚಾ ಆಟಗಳಿಗೆ ಸಾಮಾನ್ಯವಾಗಿ ಕೊನೆಯೆಂಬುದೇ ಇಲ್ಲ. ಪೋಷಕರು ಇವೆರಡನ್ನೂ ಒಂದೇ ಎಂದು ಭಾವಿಸಬಾರದು.

ವಿದ್ಯಾರ್ಥಿಗಳು ಮತ್ತು ಕಾಲ

1988ರ ಫೆಬ್ರವರಿ 10, ಬುಧವಾರ, 'ಡ್ರ್ಯಾಗನ್ ಕ್ವೆಸ್ಟ್ 3' ಮಾರಾಟಕ್ಕೆ ಬಂದ ದಿನ, ಜಪಾನಿನ ಅಂಗಡಿಗಳ ಮುಂದೆ ಉದ್ದನೆಯ ಸಾಲುಗಳು ನಿಂತವು. ಶಾಲೆ ತಪ್ಪಿಸಿ ಬಂದ ವಿದ್ಯಾರ್ಥಿಗಳನ್ನು ಪೊಲೀಸರು ತಡೆದು ಬುದ್ಧಿ ಹೇಳಬೇಕಾಯಿತು. ಮೊದಲ ದಿನವೇ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು. ಇದಾದ ಮೇಲೆ ಈ ಸರಣಿಯನ್ನು ರಜಾದಿನಗಳಲ್ಲಿ ಮಾತ್ರ ಬಿಡುಗಡೆ ಮಾಡಬೇಕೆಂದು ಕಾನೂನು ಬಂದಿತೆಂಬ ಕಥೆ ಪ್ರಚಲಿತವಾಗಿದೆ. ಅಂಥ ಕಾನೂನು ಇಲ್ಲ. ರಜಾದಿನವನ್ನು ಆರಿಸಿಕೊಂಡದ್ದು ಸಂಸ್ಥೆಯೇ.

ಜಪಾನಿನ ಕಗಾವಾ ಪ್ರಾಂತ್ಯವು 2020ರ ಏಪ್ರಿಲ್‌ನಲ್ಲಿ ಜಾರಿಗೆ ತಂದ ನಿಯಮವು 18 ವರ್ಷದೊಳಗಿನವರಿಗೆ ಶಾಲಾದಿನಗಳಲ್ಲಿ 60 ನಿಮಿಷ, ರಜಾದಿನಗಳಲ್ಲಿ 90 ನಿಮಿಷಗಳ ಮಿತಿಯನ್ನು ಸೂಚಿಸುತ್ತದೆ. ಮೀರಿದವರಿಗೆ ದಂಡನೆಯಿಲ್ಲ, ಹೊಣೆಯನ್ನು ಕುಟುಂಬಕ್ಕೆ ಬಿಡಲಾಗಿದೆ.

ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ 11ನೆಯ ಆವೃತ್ತಿ 2022ರ ಜನವರಿ 1ರಿಂದ ಜಾರಿಯಲ್ಲಿದ್ದು, ಅದರಲ್ಲಿ 'ಆಟದ ವ್ಯಸನ'ವನ್ನು ಸೇರಿಸಲಾಗಿದೆ. ಆಟದ ಮೇಲೆ ಹಿಡಿತ ತಪ್ಪುವುದು, ಬದುಕಿನ ಇತರ ಕೆಲಸಗಳಿಗಿಂತ ಆಟವೇ ಮುಖ್ಯವಾಗುವುದು, ಹಾನಿಯಾಗುತ್ತಿದ್ದರೂ ಮುಂದುವರಿಯುವುದು ಇವು ಅದರ ಲಕ್ಷಣಗಳು. ಸಾಮಾನ್ಯವಾಗಿ ಇವು 12 ತಿಂಗಳು ಕಾಣಿಸಿಕೊಂಡಿರಬೇಕು. ಹೆಚ್ಚು ಗಂಟೆ ಆಡುವುದು ತಾನಾಗಿಯೇ ರೋಗವಲ್ಲ. ನೂರು ಗಂಟೆಯ ಆಟವನ್ನು ವರ್ಷವಿಡೀ ಸ್ವಲ್ಪಸ್ವಲ್ಪವಾಗಿ ಆಡಿದವನಿಗೂ, ಒಂದೇ ವಾರದಲ್ಲಿ ಊಟ ನಿದ್ದೆ ಬಿಟ್ಟು ಮುಗಿಸಿದವನಿಗೂ ವ್ಯತ್ಯಾಸವಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ತಂತ್ರಜ್ಞಾನದ ಆರೋಗ್ಯಕರ ಬಳಕೆಗಾಗಿ 'ಶಟ್ ಕ್ಲಿನಿಕ್' 2014ರಿಂದ ನಡೆಯುತ್ತಿದೆ. ಮಾನಸಿಕ ಆರೋಗ್ಯದ ಸಲಹೆಗೆ ಸರ್ಕಾರದ 'ಟೆಲಿ ಮಾನಸ್' ಉಚಿತ ದೂರವಾಣಿ ಸಂಖ್ಯೆ 14416.

ಕೆಲವು ನಿರ್ಮಾಪಕರಿಗೂ ಈ ಎಚ್ಚರವಿತ್ತು. ಶಿಗೆಸಾಟೊ ಇಟೊಯ್ ಅವರ 'ಮದರ್ 2' (1994) ಆಟದಲ್ಲಿ ಸುಮಾರು ಎರಡು ಗಂಟೆ ಬಿಡದೆ ಆಡಿದರೆ, ನಾಯಕನ ತಂದೆ ದೂರವಾಣಿ ಮಾಡಿ, ಸ್ವಲ್ಪ ವಿಶ್ರಾಂತಿ ತೆಗೆದುಕೊಳ್ಳಬಾರದೇ ಎಂದು ವಿಚಾರಿಸುತ್ತಾನೆ.

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ದೀರ್ಘ ಕಥನಗಳೊಡನೆ ಹೋಲಿಕೆ

ಚಿತ್ರದುರ್ಗ ಜಿಲ್ಲೆಯ ಈ ಎರಡು ತಾಲ್ಲೂಕುಗಳು ದೀರ್ಘ ಕಥನ ಪರಂಪರೆಗೆ ಹೆಸರಾದವು. ಕಾಡುಗೊಲ್ಲರು ತಮ್ಮ ಸಾಂಸ್ಕೃತಿಕ ವೀರ ಜುಂಜಪ್ಪನ ಕಥೆಯನ್ನು ಗಣೆ ಎಂಬ ಉದ್ದನೆಯ ಕೊಳಲಿನೊಡನೆ ಹಾಡುತ್ತಾರೆ. ಮ್ಯಾಸಬೇಡರಲ್ಲಿ ಗಾದರಿ ಪಾಲನಾಯಕನ ಕಥನವಿದೆ. ಚಳ್ಳಕೆರೆ ತಾಲ್ಲೂಕು ಯಲಗಟ್ಟದ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿಯದೆಯೂ ಸಾವಿರಾರು ಹಾಡುಗಳನ್ನು ನೆನಪಿನಲ್ಲಿ ಇಟ್ಟುಕೊಂಡಿದ್ದವರು. ಇದೇ ತಾಲ್ಲೂಕಿನ ತಳುಕಿನ ಮನೆತನಕ್ಕೆ ಸೇರಿದ ತ.ರಾ.ಸು. ಅವರು ಚಿತ್ರದುರ್ಗದ ಪಾಳೆಯಗಾರರ ಚರಿತ್ರೆಯನ್ನು 'ಕಂಬನಿಯ ಕುಯಿಲು' ಮೊದಲಾದ ಕಾದಂಬರಿಗಳ ಸರಣಿಯಲ್ಲಿ ಹೇಳಿದರು. ಅದರ 'ದುರ್ಗಾಸ್ತಮಾನ'ಕ್ಕೆ 1985ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ತಲೆಮಾರಿನಿಂದ ತಲೆಮಾರಿಗೆ ಸಾಗುವ ಕಥೆಗೆ ದೀರ್ಘತೆ ಅನಿವಾರ್ಯವೆಂಬುದು ಇಲ್ಲಿಯೂ ಕಾಣುತ್ತದೆ.

ಹತ್ತಿರದ ಹೋಲಿಕೆ ಮೂಡಲಪಾಯ ಬಯಲಾಟ. ಮುಖವೀಣೆ, ಮದ್ದಳೆಗಳ ಹಿಮ್ಮೇಳದಲ್ಲಿ ರಾತ್ರಿ ಆರಂಭವಾದ ಪ್ರಸಂಗ ಬೆಳಗಿನವರೆಗೆ ನಡೆಯುತ್ತದೆ. ಊರಿನ ಸಾಮಾನ್ಯ ರೈತನು ತಿಂಗಳುಗಟ್ಟಲೆ ಅಭ್ಯಾಸ ಮಾಡಿ ಒಂದು ರಾತ್ರಿಯ ಮಟ್ಟಿಗೆ ಅರ್ಜುನನೋ ದುರ್ಯೋಧನನೋ ಆಗುತ್ತಾನೆ. ಅದೂ ಪಾತ್ರಾಭಿನಯವೇ. ಯುದ್ಧದ ಪ್ರಸಂಗಗಳ ನಡುವೆ ಕೋಡಂಗಿ ಬಂದು ನಗಿಸಿ ನಿದ್ದೆ ತಿಳಿಯಾಗಿಸುವಂತೆ, ಜಪಾನಿನ ಆಟಗಳೂ ಗಂಭೀರ ಕಥೆಯ ನಡುವೆ ಮೀನು ಹಿಡಿಯುವುದು, ಓಟದ ಪಂದ್ಯ ಮುಂತಾದ ಸಣ್ಣ ವಿನೋದಗಳನ್ನು ಇಡುತ್ತವೆ.

ವ್ಯತ್ಯಾಸಗಳೂ ಮುಖ್ಯವಾದವು. ಬಯಲಾಟದ ಪ್ರೇಕ್ಷಕನು ನಡುವೆ ಕಣ್ಣು ಮುಚ್ಚಿದರೂ ಕಥೆ ಮುಂದೆ ಸಾಗುತ್ತದೆ, ಪಕ್ಕದವರು ಎಬ್ಬಿಸುತ್ತಾರೆ. ವಿಡಿಯೊ ಆಟದಲ್ಲಿ ಗುಂಡಿ ಒತ್ತದೆ ಕಥೆ ಒಂದು ಹೆಜ್ಜೆಯೂ ಚಲಿಸದು. ಆಡುವವನು ಹೆಚ್ಚಾಗಿ ಒಬ್ಬನೇ. ಬಯಲಾಟಕ್ಕೆ ಜಾತ್ರೆ, ಸುಗ್ಗಿಯ ಬಿಡುವು ಎಂಬ ಕಾಲವಿದೆ. ಅದನ್ನು ಊರು ಕೂಡಿ ನಿರ್ಧರಿಸುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಬಯಲಾಟಕ್ಕೆ ಸೂರ್ಯೋದಯದ ಮಿತಿಯಿದೆ. ಬೆಳಗಾಯಿತೆಂದರೆ ಮಂಗಳ ಹಾಡಿ ಎಲ್ಲರೂ ಮನೆಗೆ ಹೋಗಬೇಕು. ವಿಡಿಯೊ ಆಟಕ್ಕೆ ಇಂಥ ಬೆಳಗು ಇಲ್ಲ. ಅದನ್ನು ಆಟಗಾರನೋ ಅವನ ಮನೆಯವರೋ ತರಬೇಕಾಗುತ್ತದೆ.

ಈಚಿನ ಬದಲಾವಣೆಗಳು

ಆಟಗಾರರ ಮೊದಲ ತಲೆಮಾರು ಇಂದು ಸಂಸಾರಸ್ಥರಾಗಿ ಬಿಡುವಿಲ್ಲದವರಾಗಿದ್ದಾರೆ. ಇದನ್ನು ಅರಿತ ನಿರ್ಮಾಪಕರು ಎಲ್ಲಿ ಬೇಕಾದರೂ ಆಟವನ್ನು ಉಳಿಸುವ, ಕಾಳಗದ ವೇಗವನ್ನು ಹೆಚ್ಚಿಸುವ, ಕಠಿಣತೆಯನ್ನು ತಗ್ಗಿಸುವ ಸೌಲಭ್ಯಗಳನ್ನು ನೀಡುತ್ತಿದ್ದಾರೆ. 2024ರ ನವೆಂಬರ್‌ನಲ್ಲಿ ಮರುನಿರ್ಮಾಣಗೊಂಡು ಬಂದ 'ಡ್ರ್ಯಾಗನ್ ಕ್ವೆಸ್ಟ್ 3'ರಲ್ಲಿ ಇಂಥ ಕೆಲವು ಸೌಲಭ್ಯಗಳಿವೆ. ಇನ್ನೊಂದೆಡೆ, 'ಫೈನಲ್ ಫ್ಯಾಂಟಸಿ 7'ನ್ನು ಮೂರು ಪ್ರತ್ಯೇಕ ದೊಡ್ಡ ಆಟಗಳಾಗಿ ಹಿಗ್ಗಿಸಲಾಗುತ್ತಿದ್ದು, ಮೊದಲೆರಡು ಭಾಗಗಳು 2020 ಮತ್ತು 2024ರಲ್ಲಿ ಬಂದಿವೆ.

ಜಪಾನಿನ ಮಾದರಿಯಿಂದ ಸ್ಫೂರ್ತಿ ಪಡೆದ ಹೊರದೇಶಗಳ ಆಟಗಳು ಚಿಕ್ಕದಾಗಿಯೂ ಪರಿಣಾಮಕಾರಿಯಾಗಿರಬಲ್ಲವೆಂದು ತೋರಿಸಿವೆ. ಅಮೆರಿಕದ ಟೋಬಿ ಫಾಕ್ಸ್ ಅವರ 'ಅಂಡರ್‌ಟೇಲ್' (2015) ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ. ಫ್ರಾನ್ಸಿನ 'ಕ್ಲೇರ್ ಆಬ್ಸ್ಕೂರ್: ಎಕ್ಸ್‌ಪೆಡಿಷನ್ 33' (2025) ಆಟದ ಮುಖ್ಯ ಕಥೆ ಸುಮಾರು 30 ಗಂಟೆಗಳದು. ಮೊದಲ ಬಾರಿಗೆ ಈ ಪ್ರಕಾರವನ್ನು ಪರಿಚಯಿಸಿಕೊಳ್ಳುವವರಿಗೆ 'ಕ್ರೋನೊ ಟ್ರಿಗರ್'ನಂಥ ಮಿತವಾದ ಆಟವನ್ನು ಸಾಮಾನ್ಯವಾಗಿ ಸೂಚಿಸುತ್ತಾರೆ. ಅದು ಬೇಸಿಗೆ ರಜೆಯಲ್ಲಿ ದಿನಕ್ಕೊಂದು ಗಂಟೆಯಂತೆ ಆಡಿದರೂ ಶಾಲೆ ತೆರೆಯುವ ಮೊದಲು ಮುಗಿಯುತ್ತದೆ.